ಗುಡ್ಡೆ ದೊರೆಯ ಕೆಂಪು ಬಾವುಟ

ಗುಡ್ಡೆ ದೊರೆಯ ಕಣ್ಣು ತಪ್ಪಿಸಿ ಸಮುದ್ರದಲ್ಲಿ ಯಾವುದೂ ಬರಲಾರದು ಎಂದು ಆ ಕಾಲದಲ್ಲಿ ಎಲ್ಲರೂ ನಂಬಿದ್ದರು.

ಆ ಕಾಲ ಯಾವುದು ಎಂದು ಕೇಳಿದರೆ ಮಡಿಕೋಡಿಯಲ್ಲಿ ಯಾರೂ ವರ್ಷ ಹೇಳುವುದಿಲ್ಲ. ದೊಡ್ಡ ಯುದ್ಧ ನಡೆಯುತ್ತಿತ್ತು ಎನ್ನುತ್ತಾರೆ. ಯಾರಿಗೂ ಯಾರಿಗೂ ಎಂದು ಕೇಳಿದರೆ, ದೊರೆಗಳಿಗೂ ಬೇರೆ ದೊರೆಗಳಿಗೂ ಎನ್ನುತ್ತಾರೆ. ಅದಕ್ಕಿಂತ ಹೆಚ್ಚು ತಿಳಿಯಬೇಕಾದ ಅಗತ್ಯ ಅವರಿಗೆ ಆಗ ಬಿದ್ದಿರಲಿಲ್ಲ. ಈಗಲೂ ಬಿದ್ದಿಲ್ಲ.

ಹೊಳೆ ಸಮುದ್ರಕ್ಕೆ ಸೇರುವ ಬಾಯಲ್ಲಿ ಈ ಮಡಿಕೋಡಿ. ಒಂದು ಕಡೆ ಹೊಳೆ, ಒಂದು ಕಡೆ ಸಮುದ್ರದ ಸಣ್ಣ ಕೊಲ್ಲಿ, ಉತ್ತರಕ್ಕೆ ಒಂದು ಬೋಳು ಗುಡ್ಡ. ಊರಿನವರೆಲ್ಲ ಮೀನು ಹಿಡಿಯುವ ಮೊಗವೀರರು. ಊರಿಗೆಲ್ಲ ಸೇರಿ ಒಂದೇ ಒಂದು ದೊಡ್ಡ ಬಲೆ, ಅದರ ಹೆಸರು ರಂಪಣಿ. ಬಲೆಯ ಒಂದು ತುದಿಯ ಹಗ್ಗವನ್ನು ದಡದಲ್ಲಿ ಬಿಟ್ಟು, ದೊಡ್ಡ ದೋಣಿ ಬಲೆ ಇಳಿಸುತ್ತಾ ಸಮುದ್ರದಲ್ಲಿ ಅರ್ಧ ಸುತ್ತು ಹೊಡೆದು, ಇನ್ನೊಂದು ತುದಿಯನ್ನು ದೂರದಲ್ಲಿ ದಡಕ್ಕೆ ತರುತ್ತದೆ. ಆಮೇಲೆ ಎರಡೂ ಹಗ್ಗವನ್ನು ಇಡೀ ಊರು ಎಳೆಯುತ್ತದೆ. ಗಂಡಸರು, ಹೆಂಗಸರು, ಹಲ್ಲಿಲ್ಲದ ಅಜ್ಜಿಯರು, ಮದುವೆಗೆಂದು ಬಂದ ನೆಂಟರು, ಎಲ್ಲರೂ.

ಆ ಬಲೆಗೆ ಒಂದು ಕಟ್ಟಳೆ ಇತ್ತು. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಪಾಲು. ಯಾರು, ಯಾವ ಜಾತಿ, ಎಷ್ಟು ಎಳೆದ ಎಂದು ಕೇಳುವ ಹಾಗಿಲ್ಲ. ಪಾಲು ಕೊಟ್ಟರೆ ಬೇಡ ಅನ್ನುವ ಹಾಗೂ ಇಲ್ಲ. ಅಂದರೆ ಬಲೆ ಮುನಿಯುತ್ತದೆ. ತೆಗೆದುಕೊಂಡವನು ಆವತ್ತಿನಿಂದ ಬಲೆಯವನು. ಬಲೆಯವನು ಬಲೆಯ ಮೇಲೆ ಚಾಡಿ ಹೇಳುವುದಿಲ್ಲ. ಸರಕಾರದ ಕಾನೂನು ಆ ಊರಿನಲ್ಲಿ ಆಗಾಗ ಬದಲಾಗಿದೆ. ಈ ಕಟ್ಟಳೆ ಬದಲಾಗಿಲ್ಲ.

ಬಲೆ ಎಲ್ಲಿ ಹಾಕಬೇಕು ಎಂದು ಹೇಳಲು ಒಬ್ಬನಿದ್ದ. ಬಚ್ಚ ಮರಕಾಲ. ಅವನು ದಿನವಿಡೀ ಗುಡ್ಡದ ತುದಿಯಲ್ಲಿ ಕೂತಿರುತ್ತಿದ್ದ. ಬಂಗುಡೆ ಮೀನಿನ ಹಿಂಡು ಬಂದರೆ ಮೇಲಿನಿಂದ ನೀರು ಕಪ್ಪಾಗಿ ಕಾಣುತ್ತದೆ, ಮೋಡವಿಲ್ಲದ ದಿನ ಮೋಡದ ನೆರಳು ಬಿದ್ದ ಹಾಗೆ. ಬಚ್ಚ ಎದ್ದು ಹೆಗಲ ಮೇಲಿನ ಬೈರಾಸು ಬೀಸಿದರೆ ದೋಣಿ ಹೊರಡುತ್ತಿತ್ತು. ಬಚ್ಚ ಜನ್ಮದಲ್ಲಿ ಹಗ್ಗ ಎಳೆದವನಲ್ಲ. ಕಣ್ಣಿನ ಕೆಲಸ ಮಾಡುವವನು ಕೈಯ ಕೆಲಸ ಮಾಡಬಾರದು, ದೃಷ್ಟಿ ಮಂದವಾಗುತ್ತದೆ ಎನ್ನುತ್ತಿದ್ದ. ಹಗ್ಗ ಮುಟ್ಟದೆ ಪಾಲು ತೆಗೆದುಕೊಳ್ಳುವವನು ಊರಿನಲ್ಲಿ ಅವನೊಬ್ಬನೇ. ಅದರ ಬಗ್ಗೆ ಅವನಿಗೆ ಬಹಳ ಹೆಮ್ಮೆ ಇತ್ತು.

ಪಾಲು ಹಾಕುವವಳು ಅಕ್ಕಣಿ. ಬಲೆಯ ಯಜಮಾನನಾಗಿದ್ದ ಗಂಡ ತೀರಿಕೊಂಡ ಮೇಲೆ ಆ ಕೆಲಸ ಅವಳಿಗೆ ಬಂತು. ಅವಳ ಗಂಟಲು ಹೊಳೆಯ ಆಚೆ ದಡಕ್ಕೆ ಕೇಳುತ್ತಿತ್ತು ಎನ್ನುತ್ತಾರೆ. ಹೊಳೆ ಅಲ್ಲಿ ಅಷ್ಟೇನೂ ಅಗಲವಿಲ್ಲ.

ಹೀಗಿರುವಾಗ ಯುದ್ಧದ ಹುಕುಂ ಬಂತು. ಡಂಗುರ ಹೊಡೆದರು. ಯುದ್ಧ ಮುಗಿಯುವ ತನಕ ಯಾವ ದೋಣಿಯೂ ಸಮುದ್ರಕ್ಕೆ ಇಳಿಯಬಾರದು. ಹುಟ್ಟುಗಳನ್ನೆಲ್ಲ ಪಟೇಲರ ಅಂಗಳದಲ್ಲಿ ತಂದು ಹಾಕಬೇಕು. ಶತ್ರುಗಳ ಸಬ್‌ಮರೀನ್, ಅಂದರೆ ನೀರಿನೊಳಗೆ ಓಡುವ ಕಬ್ಬಿಣದ ಹಡಗು, ಕರಾವಳಿಯಲ್ಲಿ ತಿರುಗುತ್ತಿದೆ. ಮಳೆ ಆಗಷ್ಟೇ ಮುಗಿದಿತ್ತು. ಬಂಗುಡೆ ಬರುವ ಹೊತ್ತು. ರಂಗೂನಿನ ಅಕ್ಕಿ ಬರುವುದು ನಿಂತುಹೋಗಿತ್ತು. ಆ ಸುಗ್ಗಿ ತಪ್ಪಿದರೆ ಊರಿಗೆ ಮುಂದಿನ ಮಳೆಯವರೆಗೆ ತಿನ್ನಲು ಏನೂ ಇರಲಿಲ್ಲ. ಜನ ಗೆಣಸು ಅಗೆದರು. ಮಂಗಳೂರಿನ ಹಂಚಿನ ಕಾರ್ಖಾನೆಗೆ ಹೋಗೋಣವೆಂದು ಕೆಲವರು ಗಂಟು ಕಟ್ಟಿದರು. ಮೀನು ಮಾತ್ರ ಯಾವ ಹುಕುಮಿನ ಗೊಡವೆಯೂ ಇಲ್ಲದೆ ಬಂದು ಹೋಗುತ್ತಿತ್ತು. ಬಚ್ಚ ಗುಡ್ಡದ ಮೇಲೆ ಕೂತು ಅದನ್ನು ನೋಡುತ್ತಾ ಬಯ್ಯುತ್ತಿದ್ದ.

ಆಗ ದೊರೆ ಬಂದ.

ಲೆಫ್ಟಿನೆಂಟ್ ಎಡ್ಮಂಡ್ ಪ್ರಿಂಗಲ್ ಎಂದು ಹೆಸರು. ಬ್ರಿಟಿಷ್ ನೌಕಾಪಡೆಯವನು. ಗುಡ್ಡದ ತುದಿಯಲ್ಲಿ ಡೇರೆ ಹಾಕಿಸಿ, ಒಂದು ಕಂಬ ನೆಡಿಸಿ, ದುರ್ಬೀನು ಹಿಡಿದು ಕೂತ. ಸರಿಯಾಗಿ ಬಚ್ಚ ಕೂರುತ್ತಿದ್ದ ಕಲ್ಲಿನ ಮೇಲೆಯೇ ಕೂತ. ಅದಕ್ಕೇ ಊರಿನವರು ಅವನನ್ನು ಗುಡ್ಡೆ ದೊರೆ ಎಂದರು. ಬಚ್ಚ ಬೇರೆ ಏನೇನೋ ಅಂದ.

ಗುಡ್ಡೆ ದೊರೆ ದೊಡ್ಡ ವೀರ ಎಂದು ಹೇಳುತ್ತಾರೆ. ಏಳು ಹಡಗು ಮುಳುಗಿಸಿ ಬಂದವನು ಎಂದು ಹೇಳುತ್ತಾರೆ. ಕೆಲವರ ಬಾಯಲ್ಲಿ ಅದು ಹದಿನೇಳು. ಕತ್ತಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನೀರಿಗೆ ಹಾರಿ ಶತ್ರು ಹಡಗಿನ ತಳ ಕೊರೆಯುತ್ತಿದ್ದ ಎಂದು ಹೇಳುತ್ತಾರೆ. ಅವನ ಎಡಗಿವಿಯನ್ನು ತಾಟೆ ಎಂಬ ಶಾರ್ಕ್ ಮೀನು ಕಚ್ಚಿಕೊಂಡು ಹೋಯಿತಂತೆ, ಅವನು ಬೆನ್ನಟ್ಟಿ ಹೋಗಿ ಮೀನಿನ ಹೊಟ್ಟೆ ಸೀಳಿ ಕಿವಿಯನ್ನು ವಾಪಸು ತಂದನಂತೆ, ಅಂಟಿಸುವವರು ಸಿಗಲಿಲ್ಲವಂತೆ.

ದೊರೆಗೆ ಪಾಸ್ಕು ಎಂಬ ಅಡಿಗೆಯವನಿದ್ದ. ಮಂಗಳೂರಿನ ಕಡೆಯ ಕ್ರಿಶ್ಚಿಯನ್. ಇಂಗ್ಲಿಷೂ ಕನ್ನಡವೂ ಬರುತ್ತಿದ್ದುದರಿಂದ ದುಭಾಷಿಯ ಕೆಲಸವೂ ಅವನದೇ. ಅವನ ಪ್ರಕಾರ ದೊರೆಯ ಎರಡೂ ಕಿವಿ ಇದ್ದವು. ಎಡದ್ದು ಕೇಳಿಸುತ್ತಿರಲಿಲ್ಲ, ಅಷ್ಟೇ. ಮುಳುಗಿದ ಹಡಗು ಒಂದೇ. ಅದು ದೊರೆ ಇದ್ದ ಹಡಗು.

ಎಲ್ಲೋ ದೂರದ ಚಳಿ ಸಮುದ್ರದಲ್ಲಿ ದೊರೆ ಕಾವಲಿಗೆ ನಿಂತಿದ್ದನಂತೆ. ನೀರಿನಲ್ಲಿ ಒಂದು ಕಪ್ಪು ಗೆರೆ ಕಂಡಿತಂತೆ. ಮೀನಿರಬೇಕು ಎಂದುಕೊಂಡು ಸುಮ್ಮನಾದನಂತೆ. ಅದು ಸಬ್‌ಮರೀನ್ ಆಗಿತ್ತು. ಹಡಗು ಹೋಯಿತು, ಜೊತೆಯವರು ಹೋದರು, ದೊರೆ ಒಂದು ಹಲಗೆ ಹಿಡಿದು ಉಳಿದುಕೊಂಡ. ವಿಚಾರಣೆಯಲ್ಲಿ ಏನಾದರೂ ಕಂಡಿತ್ತೇ ಎಂದು ಕೇಳಿದರು. ಕಂಡಿತ್ತು, ಮೀನು ಅಂದುಕೊಂಡೆ ಎಂದ. ಏನೂ ಕಂಡಿರಲಿಲ್ಲ ಅಂದಿದ್ದರೆ ಬಿಟ್ಟುಬಿಡುತ್ತಿದ್ದರು. ನಿಜ ಹೇಳಿದ್ದರಿಂದ ಏನೂ ನಡೆಯದ ಜಾಗಕ್ಕೆ ಕಳಿಸಿದರು. ಏನೂ ನಡೆಯದ ಜಾಗ ಎಂದು ನಕ್ಷೆಯಲ್ಲಿ ಹುಡುಕಿದಾಗ ಮಡಿಕೋಡಿ ಸಿಕ್ಕಿತು.

ಇನ್ನೊಂದು ಸಲ ತಪ್ಪಿದರೆ ನೌಕಾಪಡೆಯಿಂದ ಅವನನ್ನು ಕಿತ್ತುಹಾಕುತ್ತಿದ್ದರು. ಆದರೆ ಅವನಿಗೆ ಇದ್ದ ಹೆದರಿಕೆ ಅದಲ್ಲ ಎಂದು ಪಾಸ್ಕು ಹೇಳುತ್ತಿದ್ದ. ಮತ್ತೊಮ್ಮೆ ಸಬ್‌ಮರೀನನ್ನು ಮೀನು ಅಂದುಕೊಂಡುಬಿಟ್ಟರೆ ಎಂಬುದೊಂದೇ ಅವನ ಹೆದರಿಕೆ.

ದೊರೆಗೆ ತುಪಾಕಿಯಿದ್ದ ದೋಣಿ ಕೊಟ್ಟಿರಲಿಲ್ಲ. ಕಾವಲು ಹಡಗು ಬೇಕೆಂದರೆ ತಂತಿ ಕೊಟ್ಟು ದೂರದ ಬಂದರಿನಿಂದ ಕರೆಸಬೇಕು. ಅದು ಬರುವಷ್ಟರಲ್ಲಿ ಸಬ್‌ಮರೀನ್ ಊಟ ಮುಗಿಸಿ ಹೋಗಿರುತ್ತದೆ. ಅವನ ಸೀಮೆಯಲ್ಲಿ ಬಂದರಿನ ಬಾಯಿಗೆ ಉಕ್ಕಿನ ಬಲೆ ಕಟ್ಟಿ ಸಬ್‌ಮರೀನನ್ನು ತಡೆಯುತ್ತಿದ್ದರಂತೆ. ಇಲ್ಲಿ ಉಕ್ಕು ಇರಲಿಲ್ಲ. ಬಲೆ ಇತ್ತು. ಮಳಲಿನ ಮೇಲೆ ಒಣಗುತ್ತಿದ್ದ ರಂಪಣಿಯನ್ನು ದೊರೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಡೆದು ನೋಡಿದ. ಉದ್ದಕ್ಕೆ ತಲೆದೂಗಿದ. ಆಮೇಲೆ ಆಜ್ಞೆ ಮಾಡಿದ. ಗುಡ್ಡದ ಮೇಲೆ ಕೆಂಪು ಬಾವುಟ ಏರಿದ ತಕ್ಷಣ ದೋಣಿ ಇಳಿಸಬೇಕು, ಅವನು ತೋರಿಸಿದ ಜಾಗಕ್ಕೆ ಬಲೆ ಸುತ್ತಬೇಕು, ಇಡೀ ಊರು ಹಗ್ಗ ಹಿಡಿದು ಶತ್ರುವನ್ನು ತಡೆದು ನಿಲ್ಲಿಸಬೇಕು. ಬಾವುಟ ಇಲ್ಲದಾಗ ಯಾರೂ ನೀರಿಗೆ ಇಳಿಯಬಾರದು.

ಇದನ್ನು ಕೇಳಿ ಊರಿನವರಿಗೆ ಜ್ವರ ಬಂತು ಎನ್ನುತ್ತಾರೆ. ಕಬ್ಬಿಣದ ಹಡಗನ್ನು ಹತ್ತಿಯ ನೂಲಿನಲ್ಲಿ ಹಿಡಿಯುವುದು ಹೇಗೆ ಎಂದು ಕೇಳಿದರು. ಪಾಸ್ಕು ಅದನ್ನು ಇಂಗ್ಲಿಷಿಗೆ ತಿರುಗಿಸಿ, ಊರಿನವರು ಸಂತೋಷದಿಂದ ಒಪ್ಪಿದ್ದಾರೆ ಎಂದು ದೊರೆಗೆ ತಿಳಿಸಿದ.

ಮೊದಲನೇ ಸಲ ಬಾವುಟ ಏರಿದ್ದು ಒಂದು ಬೆಳಿಗ್ಗೆ. ಪಟೇಲರ ಅಂಗಳದಿಂದ ಹುಟ್ಟುಗಳನ್ನು ಹೊತ್ತುಕೊಂಡು ಓಡಿದರು. ದೋಣಿ ಹತ್ತಿದವರು ಹೆಂಡತಿ ಮಕ್ಕಳ ಮುಖ ನೋಡಿಕೊಂಡು ಹತ್ತಿದರು. ಬಲೆ ಸುತ್ತಿ ಬಂತು. ಊರೆಲ್ಲ ಕಣ್ಣು ಮುಚ್ಚಿ ಹಗ್ಗ ಹಿಡಿಯಿತು. ಬಚ್ಚ ಮಾತ್ರ ಗುಡ್ಡದ ಅರ್ಧದಲ್ಲಿ ನಿಂತು ನಗುತ್ತಿದ್ದ.

"ಹೆದರ್ಬೇಡಿ ಮಾರಾಯ್ರೆ. ಅದ್ ಬಂಗ್ಡಿ."

"ದೊರೆ ಬೇರೆ ಹೇಳ್ತ್ರಲ್ಲ," ಎಂದಳು ಅಕ್ಕಣಿ.

"ದೊರೆ ಕೂತದ್ದ್ ನನ್ನ್ ಕಲ್ಲಿನ್ ಮೇಲೆ. ಆ ಕಲ್ಲಿಂದ ಕಾಂಬುದ್ ಬಂಗ್ಡಿಯೇ."

ಬಲೆ ದಡಕ್ಕೆ ಬಂತು. ಬಂಗುಡೆಯೇ. ಬೆಳ್ಳಿಯ ಹಾಗೆ ಕುಣಿಯುವ ಬಂಗುಡೆ, ಮೊಳಕಾಲು ಹುಗಿಯುವಷ್ಟು. ದೊರೆ ಪಿಸ್ತೂಲು ಹಿಡಿದು ಗುಡ್ಡ ಇಳಿದು ಓಡಿ ಬಂದ. ಮಳಲಿನಲ್ಲಿ ಬೂಟು ಹೂತು ಮುಗ್ಗರಿಸಿದ. ಬೀಳದಿರಲು ಹಗ್ಗ ಹಿಡಿದುಕೊಂಡ. ಆಮೇಲೆ ಮೀನಿನ ರಾಶಿಯನ್ನು ನೋಡುತ್ತಾ ನಿಂತ.

ಅವನು ಬಹಳ ಹೊತ್ತು ನಿಂತ ಎನ್ನುತ್ತಾರೆ. ಊರಿನವರಿಗೆ ಈಗ ಬೇರೆ ಚಿಂತೆ. ಸುಳ್ಳು ಬಾವುಟ ಎಂದು ದೊರೆಗೇ ಗೊತ್ತಾದರೆ ಬಾವುಟವೇ ಏರುವುದಿಲ್ಲ. ಬಾವುಟ ಏರದಿದ್ದರೆ ದೋಣಿ ಇಳಿಯುವುದಿಲ್ಲ. ಕೊನೆಗೆ ದೊರೆ ಬಾಯಿ ಬಿಟ್ಟ. ಸಬ್‌ಮರೀನ್ ಬಲೆಯ ಅಡಿಯಿಂದ ತಪ್ಪಿಸಿಕೊಂಡಿದೆ, ಅದು ಅಟ್ಟಿಕೊಂಡು ಬಂದ ಮೀನು ಬಲೆಯೊಳಗೆ ಉಳಿದಿದೆ ಎಂದ.

ಇದು ಸಾಧ್ಯವೇ ಎಂದು ಯಾರೂ ಕೇಳಲಿಲ್ಲ. ಹಸಿದವರು ಅಂಥ ಪ್ರಶ್ನೆ ಕೇಳುವುದಿಲ್ಲ. ಹೌದು ದೊರೆ, ಅದೇ ಅಟ್ಟಿದ್ದು ಎಂದು ಎಲ್ಲರೂ ಒಟ್ಟಿಗೆ ಹೇಳಿದರು. ದೋಣಿಯಲ್ಲಿದ್ದ ಒಬ್ಬ, ಅದರ ಬಾಲ ಕಂಡಿತು ಎಂದ. ಸಬ್‌ಮರೀನಿಗೆ ಬಾಲವಿಲ್ಲ ಎಂದು ಪಾಸ್ಕು ಕನ್ನಡದಲ್ಲೇ ತಿದ್ದಿ, ಇಂಗ್ಲಿಷಿನಲ್ಲಿ ಹಿಂಭಾಗ ಎಂದ.

ಅಕ್ಕಣಿ ಪಾಲು ಹಾಕಿದಳು. ಮಳಲಿನ ಮೇಲೆ ಸಾಲಾಗಿ ಮೀನಿನ ಗುಪ್ಪೆಗಳು. ದೊರೆಗೂ ಒಂದು ಗುಪ್ಪೆ. ದೊರೆಗೆ ಬೇಡವಂತೆ ಎಂದು ಪಾಸ್ಕು ಹೇಳಿದ. ಹಗ್ಗ ಮುಟ್ಟಿದ್ದಾನೆ, ಬೇಡ ಅನ್ನುವ ಹಾಗಿಲ್ಲ ಎಂದು ಅವಳು ಹೇಳಿದಳು. ಬೀಳುವಾಗ ಹಿಡಿದದ್ದು ಎಂದ ಪಾಸ್ಕು. ಯಾವಾಗ ಹಿಡಿದರೂ ಹಗ್ಗ ಹಗ್ಗವೇ ಎಂದಳು ಅವಳು. ಆ ಮಧ್ಯಾಹ್ನ ಗುಡ್ಡದ ಮೇಲೆ ಬಂಗುಡೆ ಹುಳಿಮೆಣಸಿನ ಪರಿಮಳ ಎದ್ದಿತು. ದೊರೆ ಮೊದಲ ತುತ್ತಿಗೆ ಕಣ್ಣೀರು ಹಾಕಿದ. ಖಾರಕ್ಕೆ. ಎರಡನೇ ಸಲ ತಾನಾಗಿ ತಟ್ಟೆ ಮುಂದೆ ಚಾಚಿದ ಎಂದು ಪಾಸ್ಕು ಸಾಯುವವರೆಗೂ ಹೇಳಿಕೊಂಡ.

ಆಮೇಲೆ ಸುಗ್ಗಿಯೇ ಸುಗ್ಗಿ. ಬಾವುಟ ಏರಿದಾಗಲೆಲ್ಲ ಬಲೆ, ಬಲೆ ಇಳಿದಾಗಲೆಲ್ಲ ಮೀನು. ಕಟ್ಟಿದ್ದ ಗಂಟುಗಳನ್ನು ಜನ ಬಿಚ್ಚಿದರು. ಅಕ್ಕಪಕ್ಕದ ಊರುಗಳ ದೋಣಿಗಳು ದಡದಲ್ಲಿ ಬಿರುಕು ಬಿಡುತ್ತಿದ್ದಾಗ ಮಡಿಕೋಡಿಯಲ್ಲಿ ಮೀನು ಒಣಹಾಕಲು ಜಾಗ ಸಾಲದೆ ಪಟೇಲರ ಚಾವಡಿಯ ಹಂಚಿನ ಮಾಡಿನ ಮೇಲೂ ಹರಡಿದರು. ನೆರೆ ಊರಿನವರು ಬಂದು ಇದೆಂಥ ದೊರೆ, ನಮಗೂ ಒಬ್ಬ ಸಿಗಬಹುದೇ ಎಂದು ವಿಚಾರಿಸಿದರು. ಗುಡ್ಡೆ ದೊರೆ ಬಾವುಟ ಎತ್ತಿದರೆ ಮೀನು ಕೇರಳದಿಂದ ತಿರುಗಿ ಬರುತ್ತದೆ ಎಂದು ಹೇಳುತ್ತಾರೆ. ದುರ್ಬೀನಿನಲ್ಲಿ ಅವನು ನೀರಿನ ತಳದ ಏಡಿಯನ್ನೂ ಕಾಣುತ್ತಾನೆ ಎಂದು ಹೇಳುತ್ತಾರೆ. ಇಂಥ ಮಾತು ಕೇಳಿದಾಗಲೆಲ್ಲ ಬಚ್ಚನ ಮುಖ ಬಾಡುತ್ತಿತ್ತು. ಕಲ್ಲು ನನ್ನದು ಎನ್ನುತ್ತಿದ್ದ. ಕಡೆಗೆ ಅವನೂ ಗುಡ್ಡ ಹತ್ತಿ ಅದೇ ಕಲ್ಲಿನ ಇನ್ನೊಂದು ಅಂಚಿನಲ್ಲಿ ಕೂರತೊಡಗಿದ. ಬಿಳಿ ಬಟ್ಟೆಯವನೊಬ್ಬ, ಲಂಗೋಟಿಯವನೊಬ್ಬ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಹಿಂಡು ಕಂಡರೆ ಬಚ್ಚ ಗಂಟಲು ಸರಿಪಡಿಸಿಕೊಳ್ಳುತ್ತಿದ್ದ, ದೊರೆ ಬಾವುಟ ಎಳೆಯುತ್ತಿದ್ದ. ಗೆಳೆತನಕ್ಕೆ ಅಷ್ಟು ಸಾಕಾಯಿತು.

ತೊಂದರೆ ಬಂದದ್ದು ತಂತಿಯಿಂದ. ಪ್ರತಿ ಬಾವುಟಕ್ಕೂ ದೊರೆ ಬಂದರಿಗೆ ತಂತಿ ಕೊಡುತ್ತಿದ್ದ. ಕಾವಲು ಹಡಗು ಹೊಗೆ ಉಗುಳುತ್ತಾ ಬರುತ್ತಿತ್ತು. ಸಬ್‌ಮರೀನ್ ಇರುತ್ತಿರಲಿಲ್ಲ. ಮೀನಿನ ಬುಟ್ಟಿ ಹೇರಿಕೊಂಡು ವಾಪಸು ಹೋಗುತ್ತಿತ್ತು. ಹಡಗಿನ ಖಲಾಸಿಗಳಿಗೆ ಇದರ ಬಗ್ಗೆ ಯಾವ ತಕರಾರೂ ಇರಲಿಲ್ಲ. ಆದರೆ ಮೇಲಿನವರು ಲೆಕ್ಕ ಹಾಕಿ ನೋಡಿದರು. ಆ ಸಣ್ಣ ಕೊಲ್ಲಿಯೊಂದರಲ್ಲೇ ಕಂಡ ಸಬ್‌ಮರೀನುಗಳು, ಶತ್ರುವಿನ ಹತ್ತಿರ ಇದ್ದ ಒಟ್ಟು ಸಬ್‌ಮರೀನುಗಳಿಗಿಂತ ಹೆಚ್ಚಾಗುತ್ತಿದ್ದವು. ವಿಚಾರಣೆಗೆ ಬೊಂಬಾಯಿಯಿಂದ ಒಬ್ಬ ಕ್ಯಾಪ್ಟನ್ ಬಂದ.

ಕ್ಯಾಪ್ಟನ್ ದಪ್ಪ ಮನುಷ್ಯ, ಕೆಂಪು ಮುಖ. ಬಂದವನೇ ಎಲ್ಲರೆದುರು ಹೇಳಿದ. ಮುಂದಿನ ಬಾವುಟಕ್ಕೆ ಮೀನು ಬಿದ್ದರೆ ಲೆಫ್ಟಿನೆಂಟ್ ಪ್ರಿಂಗಲನ ಭುಜದ ಪಟ್ಟಿ ಕಿತ್ತು ಊರಿಗೆ ಕಳಿಸುತ್ತೇನೆ, ಗುಡ್ಡದ ಕಾವಲು ಮುಚ್ಚಿಸುತ್ತೇನೆ, ಹುಟ್ಟುಗಳನ್ನು ಸುಡಿಸುತ್ತೇನೆ. ಪಾಸ್ಕು ಇದನ್ನು ಮಾತ್ರ ಒಂದಕ್ಷರ ಬಿಡದೆ ಕನ್ನಡಕ್ಕೆ ತಿರುಗಿಸಿದ.

ಬಾವುಟ ಏರಿದರೆ ಮೀನು ಬೀಳದೆ ಇರುವುದಿಲ್ಲ. ಬಾವುಟ ಏರದಿದ್ದರೆ ಊಟವಿಲ್ಲ. ಊರಿನವರು ಅಕ್ಕಣಿಯ ಅಂಗಳದಲ್ಲಿ ಸೇರಿದರು. ಒಬ್ಬ, ಬಲೆಯಲ್ಲಿ ದೊಡ್ಡ ತೂತು ಮಾಡಿ ಇಳಿಸೋಣ ಎಂದ. ಇನ್ನೊಬ್ಬ, ಹಳೆ ದೋಣಿಗೆ ಡಾಂಬರು ಬಳಿದು ಮುಳುಗಿಸಿ ಅದನ್ನೇ ಎಳೆದು ತೋರಿಸೋಣ ಎಂದ. ಅಕ್ಕಣಿ ಎಲ್ಲರ ಮಾತು ಕೇಳಿದಳು.

"ದೊಡ್ಡ ದೊರೆ ಹಗ್ಗ ಮುಟ್ಕ್. ಅಷ್ಟೇ ಸೈ," ಎಂದಳು.

ಅಷ್ಟು ದೊಡ್ಡವನು ಹಗ್ಗ ಯಾಕೆ ಮುಟ್ಟುತ್ತಾನೆ ಎಂದು ಕೇಳಿದರು. ಅದು ತನಗೆ ಗೊತ್ತಿಲ್ಲ ಎಂದು ಒಪ್ಪಿಕೊಂಡಳು.

ಮರುದಿನ ಬೆಳಿಗ್ಗೆ ಇಬ್ಬರು ದೊರೆಗಳೂ ಗುಡ್ಡದ ಮೇಲೆ ನಿಂತರು. ಬಚ್ಚ ಕಲ್ಲಿನ ಅಂಚಿನಲ್ಲಿ ಕೂತಿದ್ದ. ಪಾಸ್ಕು ಚಹಾ ಹಿಡಿದುಕೊಂಡಿದ್ದ. ಮುಂದಿನದಕ್ಕೆ ಅವನೇ ಸಾಕ್ಷಿ. ಸಮುದ್ರ ಖಾಲಿ ಇತ್ತು. ಬಿಸಿಲು ಏರಿತು. ಆಮೇಲೆ ದಕ್ಷಿಣದಿಂದ ಒಂದು ಕಪ್ಪು ನಿಧಾನವಾಗಿ ಒಳಗೆ ಬಂತು. ಅಂಥ ದೊಡ್ಡ ಹಿಂಡನ್ನು ಬಚ್ಚನೂ ನೋಡಿರಲಿಲ್ಲವಂತೆ. ಅಭ್ಯಾಸದಿಂದ ಗಂಟಲು ಸರಿಪಡಿಸಿಕೊಂಡ. ಆಮೇಲೆ ಕ್ಯಾಪ್ಟನ್ ಇರುವುದು ನೆನಪಾಗಿ, ಅದನ್ನು ಕೆಮ್ಮಿನಲ್ಲಿ ಮರೆಸಿದ.

ಕ್ಯಾಪ್ಟನ್ ದುರ್ಬೀನಿನಲ್ಲಿ ನೋಡಿ, ಅದು ಏನು ಎಂದು ಕೇಳಿದ.

ಗುಡ್ಡೆ ದೊರೆ ತನ್ನ ದುರ್ಬೀನು ಒರೆಸಿ ಮತ್ತೆ ನೋಡಿದ. ಅದು ಮೀನು ಎಂದು ಅವನಿಗೆ ಗೊತ್ತಿತ್ತೇ ಎಂಬ ವಿಷಯದಲ್ಲಿ ಮಡಿಕೋಡಿಯಲ್ಲಿ ಇವತ್ತಿಗೂ ಎರಡು ಪಕ್ಷಗಳಿವೆ. ಅಷ್ಟು ತಿಂಗಳು ಹುಳಿಮೆಣಸು ತಿಂದವನಿಗೆ ಗೊತ್ತಿರದೆ ಇರುತ್ತದೆಯೇ ಎಂದು ಒಂದು ಪಕ್ಷ. ಹೆದರಿದವನ ಕಣ್ಣಿಗೆ ನೀರಿನ ಕಪ್ಪೆಲ್ಲ ಸಬ್‌ಮರೀನೇ ಎಂದು ಇನ್ನೊಂದು. ಕ್ಯಾಪ್ಟನ್ ಮತ್ತೆ ಕೇಳಿದ. ಮೀನು ಎಂದು ಹೇಳಿಬಿಡು, ಇಷ್ಟು ದಿನದ್ದನ್ನು ಮರೆತುಬಿಡುತ್ತೇನೆ ಎಂದೂ ಹೇಳಿದ. ಅವನ ನೌಕರಿ ಉಳಿಯಲು ಒಂದೇ ಮಾತು ಸಾಕಿತ್ತು. ಗುಡ್ಡೆ ದೊರೆ ಬಾವುಟದ ಕಂಬದ ಹತ್ತಿರ ಹೋದ. ಒಂದು ಸಲ ಇಂಥದ್ದನ್ನೇ ನೋಡಿ ಮೀನು ಅಂದಿದ್ದೆ ಸರ್, ಇನ್ನು ಈ ಜನ್ಮದಲ್ಲಿ ಅನ್ನುವುದಿಲ್ಲ ಎಂದ. ಬಾವುಟ ಎಳೆದ.

ಕೆಳಗೆ ಊರು ಬಾವುಟ ಕಂಡು, ಓಡಬೇಕೋ ಅಳಬೇಕೋ ತಿಳಿಯದೆ ಓಡಿತು.

ಕ್ಯಾಪ್ಟನ್ ಗುಡ್ಡ ಇಳಿದು ದಡದಲ್ಲಿ ಕೈಕಟ್ಟಿ ನಿಂತ. ಹೊರಗೆ ಬೀಳುವ ಮೊದಲ ಬಂಗುಡೆಯನ್ನು ಕಣ್ಣಾರೆ ನೋಡಬೇಕಿತ್ತು ಅವನಿಗೆ. ಗುಡ್ಡೆ ದೊರೆ ಟೋಪಿ ತೆಗೆದಿಟ್ಟು ಎಲ್ಲರ ಜೊತೆ ಹಗ್ಗ ಹಿಡಿದ. ಆದರೆ ಬಲೆ ಬರಲಿಲ್ಲ. ಹಿಂಡು ಅಷ್ಟು ದೊಡ್ಡದು. ಇಳಿತದ ನೀರು ಬೇರೆ ಹೊರಗೆಳೆಯುತ್ತಿತ್ತು. ಹಗ್ಗ ಒಂದು ಗೇಣು ಬಂದರೆ ಒಂದು ಮೊಳ ವಾಪಸು ಹೋಗುತ್ತಿತ್ತು. ಅಂಗೈಗಳು ಸುಲಿದವು. ಅಜ್ಜಿಯರು ಮಳಲಿನಲ್ಲಿ ಕೂತು ಹಿಮ್ಮಡಿ ಊರಿ ಎಳೆದರು. ಬಲೆ ಹೋದರೆ ಇನ್ನೊಂದು ಹೆಣೆಯಲು ಊರಿಗೆ ನೂಲಿಲ್ಲ. ಮೀನಿಗಿಂತ ಈಗ ಬಲೆಯದೇ ಚಿಂತೆಯಾಯಿತು.

ಅಕ್ಕಣಿ ತಲೆ ತಿರುಗಿಸಿ ನೋಡಿದಳು. ಕೆಂಪು ಮುಖದವನು ಹಾಗೇ ನಿಂತಿದ್ದ.

"ಹೋಯ್ ದೊರೆ, ಆ ಎರಡ್ ಕೈ ಎಂತಕ್ ಇಟ್ಕಂಡಿದ್ರಿ? ದೃಷ್ಟಿಬೊಂಬೆಯಾ ನೀವ್?"

ಕ್ಯಾಪ್ಟನ್ ಏನೆಂದು ಕೇಳಿದ. ಅವಳು ತಮ್ಮ ಆರೋಗ್ಯ ವಿಚಾರಿಸುತ್ತಿದ್ದಾಳೆ ಎಂದ ಪಾಸ್ಕು.

ಆದರೆ ಅಷ್ಟರಲ್ಲಿ ಹಗ್ಗ ಸಡಿಲಿತು. ಮುಂದಿನವರು ಉರುಳಿಬಿದ್ದರು, ಹಗ್ಗ ಸರಸರನೆ ನೀರಿನ ಕಡೆಗೆ ಓಡಿತು. ಕ್ಯಾಪ್ಟನ್ ಯಾವ ದೊರೆಯಾದರೂ ಆಗಲಿ, ಮೊದಲು ಹಡಗಿನ ಮನುಷ್ಯ. ಓಡುವ ಹಗ್ಗವನ್ನು ನೋಡಿಕೊಂಡು ಸುಮ್ಮನಿರುವುದು ಅವನಿಗೆ ಬರುತ್ತಿರಲಿಲ್ಲ. ಯೋಚಿಸುವ ಮೊದಲೇ ಹಾರಿ ಹಿಡಿದ. ಹಿಮ್ಮಡಿ ಊರಿ ಇಡೀ ದೇಹದ ಭಾರ ಬಿಟ್ಟ. ಆ ಭಾರ ಸಣ್ಣದಲ್ಲ. ಹಗ್ಗ ನಿಂತಿತು.

"ಐಸಾ," ಎಂದಳು ಅಕ್ಕಣಿ.

"ಐಸಾ," ಎಂದಿತು ಊರು.

ಕ್ಯಾಪ್ಟನ್ ತನ್ನ ಭಾಷೆಯಲ್ಲಿ ಏನೋ ಕೂಗಿದ. ಅದರ ಅರ್ಥ ಕೇಳಿದಾಗ ಪಾಸ್ಕು, ಹೆಂಗಸರ ಮುಂದೆ ಹೇಳುವಂಥದ್ದಲ್ಲ ಎಂದ. ಆದರೆ ತಾಳ ಸರಿಯಾಗಿತ್ತು. ಹೊತ್ತು ನೆತ್ತಿಗೆ ಬರುವವರೆಗೂ ಎಳೆದರು. ಕ್ಯಾಪ್ಟನ್ನನ ಕೋಟು ಹೋಯಿತು, ಟೋಪಿ ಹೋಯಿತು. ಕೊನೆಗೆ ಎಲ್ಲರೂ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು, ಸಮುದ್ರಕ್ಕೆ ಬೆನ್ನು ಮಾಡಿ, ಬಾಗಿ ನಡೆದು ಬಲೆಯನ್ನು ದಡಕ್ಕೆ ತಂದರು. ಅಷ್ಟು ಮೀನು ಆ ದಡದಲ್ಲಿ ಅದಕ್ಕೆ ಮೊದಲೂ ಬಿದ್ದಿಲ್ಲ, ಆಮೇಲೂ ಬಿದ್ದಿಲ್ಲ ಎಂದು ಹೇಳುತ್ತಾರೆ. ಮೀನಿನ ಗುಡ್ಡದ ಮೇಲೆ ನಿಂತರೆ ಪಕ್ಕದ ತಾಲೂಕು ಕಾಣುತ್ತಿತ್ತು ಎಂದೂ ಹೇಳುತ್ತಾರೆ. ಬಹಳ ಮೀನು ಬಿತ್ತು ಎನ್ನುವುದಂತೂ ನಿಜ.

ಕ್ಯಾಪ್ಟನ್ ಏದುಸಿರು ಬಿಡುತ್ತಾ ನೋಡಿದ. ಬಂಗುಡೆ. ಅವನು ಗುಡ್ಡೆ ದೊರೆಯ ಕಡೆಗೆ ತಿರುಗುವಷ್ಟರಲ್ಲಿ ಅಕ್ಕಣಿ ಅವನ ಕಾಲ ಬುಡದಲ್ಲಿ ಒಂದು ಗುಪ್ಪೆ ಹಾಕಿದಳು.

ಇದು ಏನು ಎಂದ. ನಿಮ್ಮ ಪಾಲು ಎಂದು ಪಾಸ್ಕು ಹೇಳಿದ. ಬೇಡ ಎಂದ. ಬೇಡ ಅನ್ನುವ ಹಾಗಿಲ್ಲ, ಹಗ್ಗ ಮುಟ್ಟಿದ್ದೀರಿ ಎಂದ ಪಾಸ್ಕು. ತೆಗೆದುಕೊಂಡರೆ ಏನಾಗುತ್ತದೆ ಎಂದು ಕೇಳಿದ. ಬಲೆಯವರಾಗುತ್ತೀರಿ, ಬಲೆಯವರು ಬಲೆಯ ಮೇಲೆ ಚಾಡಿ ಹೇಳುವುದಿಲ್ಲ ಎಂದ ಪಾಸ್ಕು. ತೆಗೆದುಕೊಳ್ಳದಿದ್ದರೆ ಏನಾಗುತ್ತದೆ ಎಂದು ಕೇಳಿದ. ಪಾಸ್ಕು ಅಕ್ಕಣಿಯನ್ನು ಕೇಳಿದ.

"ಗೊತ್ತಿಲ್ಲೆ. ಇಷ್ಟ್ ಎಳ್ದ್ ಮೇಲೆ ಬ್ಯಾಡ ಅಂದವ್ರ್ ಯಾರೂ ಇಲ್ಲೆ."

ಕ್ಯಾಪ್ಟನ್ ತನ್ನ ಸುಲಿದ ಅಂಗೈಗಳನ್ನು ನೋಡಿಕೊಂಡ. ಗುಡ್ಡೆ ದೊರೆ ತಲೆ ತಗ್ಗಿಸಿ ನಿಂತಿದ್ದ. ಅಷ್ಟು ಹೊತ್ತಿಗೆ ಯಾವುದೋ ಒಲೆಯ ಮೇಲೆ ಮೊದಲ ಬಂಗುಡೆ ಕಾಯತೊಡಗಿತ್ತು. ಬೆಳಿಗ್ಗೆಯಿಂದ ಬರೀ ಚಹಾ ಕುಡಿದಿದ್ದ ಕ್ಯಾಪ್ಟನ್ ಆ ಕಡೆಗೆ ಮೂಗು ತಿರುಗಿಸಿದ. ನ್ಯಾಯ, ಧರ್ಮ, ಸಾಮ್ರಾಜ್ಯದ ರಕ್ಷಣೆ ಎಲ್ಲವನ್ನೂ ತೂಗಿ ನೋಡಿದ ಎಂದು ಹೇಳುತ್ತಾರೆ. ಹಸಿದಿದ್ದ ಎನ್ನುವುದು ಹೆಚ್ಚು ಸಂಭವ.

ಸಬ್‌ಮರೀನ್ ಬಲೆಯ ಅಡಿಯಿಂದ ತಪ್ಪಿಸಿಕೊಂಡಿರಬೇಕು ಎಂದ. ಮಳಲಿನ ಮೇಲೆ ಕೂತ.

ಆ ಮಧ್ಯಾಹ್ನದ ಊಟದ ಬಗ್ಗೆ ಮಡಿಕೋಡಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ, ಆಗ ಹುಟ್ಟಿರದವರೂ ಹೇಳುತ್ತಾರೆ. ತೆಂಗಿನ ನೆರಳಿನಲ್ಲಿ ಊರೆಲ್ಲ ಕೂತಿತು. ಕ್ಯಾಪ್ಟನ್ ಬಾಳೆಎಲೆಯ ಮುಂದೆ ಬೂಟು ಬಿಚ್ಚಿ ಕೂತು, ಮುಳ್ಳು ಬಿಡಿಸುವುದನ್ನು ಅಜ್ಜಿಯೊಬ್ಬಳಿಂದ ಕಲಿತ. ಗುಡ್ಡೆ ದೊರೆ ನಕ್ಕದ್ದನ್ನು ಜನ ಮೊದಲ ಸಲ ನೋಡಿದರು. ಅಕ್ಕಣಿ ಅವನ ಎಲೆಗೆ ಮತ್ತೆ ಮತ್ತೆ ಬಡಿಸುತ್ತಾ, ಸಪೂರ ಆಗಿದ್ದೀ, ನಿನ್ನ ಅಬ್ಬೆ ನನ್ನನ್ನು ಬಯ್ಯುತ್ತಾಳೆ ಎಂದಳಂತೆ. ಪಾಸ್ಕು ಅದನ್ನೂ ಒಂದಕ್ಷರ ಬಿಡದೆ ತಿರುಗಿಸಿದ.

ಕ್ಯಾಪ್ಟನ್ ಬೊಂಬಾಯಿಗೆ ಹೋಗಿ, ಪಶ್ಚಿಮ ಕರಾವಳಿಯಲ್ಲೇ ಮಡಿಕೋಡಿಯಂಥ ಎಚ್ಚರದ ಕಾವಲು ಇನ್ನೊಂದಿಲ್ಲ ಎಂದು ಹೇಳಿದನಂತೆ. ಯುದ್ಧ ಮುಗಿಯುವವರೆಗೂ ಬಾವುಟ ಏರಿತು, ಬಲೆ ಇಳಿಯಿತು. ಕೊನೆಗೆ ಗುಡ್ಡೆ ದೊರೆಗೆ ಒಂದು ಪದಕವೂ ಬಂತು. ಅವನ ಕೊಲ್ಲಿಯಲ್ಲಿ ಶತ್ರು ಒಂದು ಹಡಗನ್ನೂ ಮುಳುಗಿಸಿರಲಿಲ್ಲ. ಅಲ್ಲಿ ಮುಳುಗಿಸಲು ಹಡಗೂ ಇರಲಿಲ್ಲ. ಅವನು ಹೊರಟ ದಿನ ಊರಿಗೆ ಊರೇ ದಡಕ್ಕೆ ಬಂತು. ಒಣಮೀನಿನ ಮೂಟೆ ಕಟ್ಟಿಕೊಟ್ಟರು. ಆ ಮೂಟೆಯ ವಾಸನೆಗೆ ಹಡಗಿನಲ್ಲಿ ಅವನಿಗೆ ಒಂದು ಕೋಣೆ ಪೂರ್ತಿ ಬಿಟ್ಟುಕೊಟ್ಟರು ಎಂದು ಹೇಳುತ್ತಾರೆ.

ಈಗ ರಂಪಣಿ ಹಾಕುವುದು ಅಪರೂಪ. ಇಂಜಿನ್ ದೋಣಿಗಳು ಬಂದಿವೆ, ಮೀನು ಎಲ್ಲಿದೆ ಎಂದು ಹೇಳುವ ಯಂತ್ರಗಳು ಬಂದಿವೆ. ಆದರೂ ಮಳೆಗಾಲ ಕಳೆದು ಮೊದಲನೇ ಬಲೆ ಇಳಿಸುವ ದಿನ ಮಡಿಕೋಡಿಯವರು ಗುಡ್ಡದ ಕಂಬಕ್ಕೆ ಕೆಂಪು ಬಟ್ಟೆ ಏರಿಸುತ್ತಾರೆ. ದಡದಲ್ಲಿ ಆವತ್ತು ಯಾರೇ ಪರ ಊರಿನವನಿರಲಿ, ಕರೆದು ಹಗ್ಗ ಮುಟ್ಟಿಸುತ್ತಾರೆ. ಅವನಿಗೆ ಕೊಡುವ ಗುಪ್ಪೆಗೆ ದೊರೆ ಪಾಲು ಎಂದು ಹೆಸರು. ಬ್ಯಾಂಕಿನ ಮ್ಯಾನೇಜರರು, ಜನಗಣತಿಗೆ ಬಂದ ಮೇಷ್ಟ್ರು, ಒಮ್ಮೆ ಒಬ್ಬ ಸಸ್ಯಾಹಾರಿ ತಹಶೀಲ್ದಾರರು, ಎಲ್ಲರೂ ತೆಗೆದುಕೊಂಡಿದ್ದಾರೆ. ಗುಡ್ಡೆ ದೊರೆಯ ಕಣ್ಣು ತಪ್ಪಿಸಿ ಯಾವುದೂ ಬರಲಿಲ್ಲ ಎಂದು ಅವರಿಗೆಲ್ಲ ಕಥೆ ಹೇಳಿ ಕಳಿಸುತ್ತಾರೆ.

ಬಚ್ಚ ಮರಕಾಲ ಬಹಳ ವರ್ಷ ಬದುಕಿದ. ಮುದುಕನಾದ ಮೇಲೆ ಒಂದು ದಿನ, ಯಾರೋ ಹೀಗೆ ಕಥೆ ಹೇಳುತ್ತಿದ್ದಾಗ, ಅದೇನೂ ಹಾಗಲ್ಲ ಎಂದ. ಕ್ಯಾಪ್ಟನ್ ಹಗ್ಗ ಎಳೆದ ದಿನ ಊರೆಲ್ಲ ಕೆಳಗಿತ್ತು, ಗುಡ್ಡದ ಮೇಲೆ ಅವನೊಬ್ಬನೇ. ಊಟದ ಹೊತ್ತಿಗೆ ಕೊಲ್ಲಿಯ ಬಾಯಲ್ಲಿ ನೀರು ಸೀಳಿ ಕಬ್ಬಿಣದ ಬೆನ್ನೊಂದು ಎದ್ದಿತು. ಅದರ ಮೇಲೆ ಸಣ್ಣ ಗೂಡು. ಗೂಡಿನಿಂದ ಒಬ್ಬ ಹೊರಗೆ ಬಂದು, ದುರ್ಬೀನಿನಲ್ಲಿ ದಡದ ಹೊಗೆಯನ್ನೂ ಎಲೆಗಳ ಸಾಲನ್ನೂ ನೋಡಿದ. ಸಾಕಷ್ಟು ಹೊತ್ತು ನೋಡಿದ. ಒಳಗೆ ಹೋದ. ಅದು ಮುಳುಗಿತು.

ಮತ್ತೆ ಯಾಕೆ ಹೇಳಲಿಲ್ಲ ಎಂದು ಎಲ್ಲರೂ ಕೇಳಿದರು.

"ನನ್ನ್ ಕೆಲ್ಸ ಮೀನ್ ಕಾಂಬುದ್. ಅದ್ ಮೀನಲ್ಲ ಅಲ್ದಾ?" ಎಂದ ಬಚ್ಚ.

ಅವನು ಸಾಯುವವರೆಗೆ ಇದನ್ನು ಅನೇಕ ಸಲ ಹೇಳಿದ. ಒಂದು ಸಲವೂ ಒಂದು ಮಾತು ಹೆಚ್ಚು ಸೇರಿಸಲಿಲ್ಲ. ಮಡಿಕೋಡಿಯಲ್ಲಿ ಹಾಗೆ ಹೇಳುವ ಕಥೆ ಬೇರೆ ಯಾವುದೂ ಇಲ್ಲ.

ಆ ಯುದ್ಧದಲ್ಲಿ ಸಬ್‌ಮರೀನ್ ಅಲ್ಲಿಗೆ ಬಂದದ್ದು ಒಂದೇ ಸಲ, ದೊರೆ ಮೀನು ತಿನ್ನುತ್ತಿದ್ದಾಗ.